ಬೆಂಗಳೂರಿನ ಮನೆಯಿಂದ ಮದರಾಸಿನ ಪ್ರಯೋಗಾಲಯಕ್ಕೆ: ಬಿ.ಜಿ.ಎಲ್. ಸ್ವಾಮಿಯವರ ನೆನಪು



ನವೆಂಬರ್ 1 ಬಂತೆಂದರೆ ನಮ್ಮ ಗಡಿಭಾಗದ ಊರುಗಳಲ್ಲಿ ಧ್ವಜ, ಮೆರವಣಿಗೆ, ಹಾಡು, ಭಾಷಣ ಎಲ್ಲ ಸಾಂಗವಾಗಿ ಆಗುತ್ತವೆ. ಮರುದಿನ ಬೆಳಗಾದರೆ ಮಂಟಪದವರು ಬಂದು ಕುರ್ಚಿ ಎತ್ತಿಕೊಂಡು ಹೋಗುತ್ತಾರೆ, ಉತ್ಸವ ಮುಗಿಯುತ್ತದೆ. ಆ ಮರುದಿನಕ್ಕೂ ಒಂದು ಮಹತ್ವ ಇದೆ ಎಂಬುದು ನಮಗೆ ಇತ್ತೀಚೆಗೆ ತಿಳಿಯಿತು. 1980ರ ನವೆಂಬರ್ 2ರಂದು ಬಿ.ಜಿ.ಎಲ್. ಸ್ವಾಮಿಯವರು ತೀರಿಕೊಂಡರು. ರಾಜ್ಯೋತ್ಸವದ ಮರುದಿನ ಅವರ ಪುಣ್ಯತಿಥಿ. ಈ ಸಲ ಆ ದಿನವನ್ನು ಬರಿದೇ ಬಿಡಬಾರದೆಂದು ಕಾರ್ಯಕಾರಿ ಮಂಡಳಿ ಠರಾವು ಮಾಡಿದೆ. ಕಾರ್ಯಕ್ರಮದ ವಿವರ ಈ ಲೇಖನದ ಕೊನೆಗೆ ಇದೆ. ಅದಕ್ಕೂ ಮೊದಲು, ಅವರು ಯಾರು, ಅವರನ್ನು ಉಮದಿಯಂಥ ಊರಿನಲ್ಲಿ ನಾವು ಯಾಕೆ ನೆನೆಯಬೇಕು ಎಂಬುದನ್ನು ತಮ್ಮ ಮುಂದೆ ಇಡುತ್ತೇವೆ.

ನಾವು ವಿಜ್ಞಾನ ಓದಿದವರಲ್ಲ. ಕಚೇರಿಯಲ್ಲಿ ಕಾರಕೂನಿಕೆ ಮಾಡಿ ನಿವೃತ್ತರಾದವರು. ನಾವು ಕಲಿತ ಶಾಲೆಯಲ್ಲಿ ಒಂದು ಸೂಕ್ಷ್ಮದರ್ಶಕ ಇತ್ತು. ಕಪಾಟಿನಲ್ಲಿ ಅರಿವೆ ಹೊದಿಸಿ, ಕೀಲಿ ಹಾಕಿ ಇಟ್ಟಿದ್ದರು. ತಪಾಸಣೆಗೆ ಸಾಹೇಬರು ಬಂದ ದಿನ ಮೇಜಿನ ಮೇಲೆ ಬರುತ್ತಿತ್ತು, ಸಂಜೆಗೆ ಮತ್ತೆ ಕಪಾಟು ಸೇರುತ್ತಿತ್ತು. ಮಕ್ಕಳ ಕೈ ತಾಗಿ ಒಡೆದರೆ ತಮ್ಮ ಪಗಾರದಲ್ಲಿ ಕಡಿತವಾದೀತೆಂದು ಗುರುಗಳಿಗೆ ಅಂಜಿಕೆ. ಅವರ ತಪ್ಪೂ ಇರಲಿಲ್ಲ. ಹೀಗಾಗಿ ಅದರ ಕಣ್ಣಿನಲ್ಲಿ ಕಣ್ಣಿಟ್ಟು ನೋಡುವ ಭಾಗ್ಯ ನಮಗೆ ಬರಲೇ ಇಲ್ಲ. ಸ್ವಾಮಿಯವರ ಬಾಳಿನ ಬಗ್ಗೆ ಓದುವಾಗ ಆ ಕೀಲಿ ಹಾಕಿದ ಕಪಾಟು ಮೇಲಿಂದ ಮೇಲೆ ನೆನಪಾಯಿತು.

ಡಿ.ವಿ.ಜಿ.ಯವರ ಮಗ

ಸ್ವಾಮಿಯವರ ಪೂರ್ತಿ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಮಂಕುತಿಮ್ಮನ ಕಗ್ಗ ಬರೆದ ಡಿ.ವಿ. ಗುಂಡಪ್ಪನವರ ಮಗ. ತಾಯಿ ಭಾಗೀರಥಮ್ಮ. ಮಗ ಇನ್ನೂ ಚಿಕ್ಕವನಿರುವಾಗಲೇ ತಾಯಿ ತೀರಿಕೊಂಡರು. ಡಿ.ವಿ.ಜಿ. ಮರುಮದುವೆ ಆಗಲಿಲ್ಲ. ಪತ್ರಿಕೆ ನಡೆಸುವ, ಸಭೆಗಳಲ್ಲಿ ಮಾತಾಡುವ, ಸದಾ ಜನ ಬಂದುಹೋಗುವ ತಂದೆಯ ಮನೆಯಲ್ಲಿ ಹುಡುಗ ಬೆಳೆದ. ಮನೆಯಲ್ಲಿ ಪುಸ್ತಕಕ್ಕೆ ಕೊರತೆ ಇರಲಿಲ್ಲ, ರೊಕ್ಕಕ್ಕೆ ಮಾತ್ರ ಯಾವಾಗಲೂ ಕೊರತೆ. ಸನ್ಮಾನದ ಹಣವನ್ನೂ ಸಂಸ್ಥೆಗೆ ಕೊಟ್ಟುಬಿಡುವ ತಂದೆಯ ಮನೆ ಅದು.

ಅಂಥ ಮನೆಯ ಹುಡುಗ ಸಾಹಿತ್ಯದ ಕಡೆಗೇ ಹೋಗುತ್ತಾನೆಂದು ಯಾರಾದರೂ ತಿಳಿಯುತ್ತಿದ್ದರು. ಆತ ಸಸ್ಯಶಾಸ್ತ್ರ ಹಿಡಿದ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಆನರ್ಸ್ ಪದವಿ ಆಯಿತು. ಮುಂದೆ ಸರಿಯಾದ ನೌಕರಿ ಸಿಗಲಿಲ್ಲ. ನೌಕರಿ ಇಲ್ಲದ ದಿನಗಳಲ್ಲಿ ಮನುಷ್ಯ ಏನಾಗುತ್ತಾನೆಂಬುದು ನಮ್ಮ ಭಾಗದ ತರುಣರಿಗೆ ಹೇಳಿಕೊಡಬೇಕಾಗಿಲ್ಲ. ಸ್ವಾಮಿಯವರು ಬಸವನಗುಡಿಯ ಮನೆಯಲ್ಲೇ ಸೂಕ್ಷ್ಮದರ್ಶಕ ಇಟ್ಟುಕೊಂಡು ಸಂಶೋಧನೆಗೆ ಕುಳಿತರು. ವಿಷಯ ಆರ್ಕಿಡ್ ಹೂಗಳ ಭ್ರೂಣಶಾಸ್ತ್ರ. ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ಮರದ ಮೇಲೆ ಇಳಿಬಿದ್ದಿರುವ ಸೀತಾಳೆ ದಂಡೆ ಇದೇ ಆರ್ಕಿಡ್ ಜಾತಿಯದು.

ಈ ಹೂವಿನ ಸ್ವಭಾವ ವಿಚಿತ್ರ. ಅದರ ಒಂದೊಂದು ಕಾಯಿಯಲ್ಲಿ ಸಾವಿರಗಟ್ಟಲೆ, ಕೆಲವು ಜಾತಿಗಳಲ್ಲಿ ಲಕ್ಷಗಟ್ಟಲೆ ಬೀಜ. ಹಿಟ್ಟಿನಂತೆ ಗಾಳಿಗೆ ಹಾರುತ್ತವೆ. ಜೋಳದ ಕಾಳಿನಲ್ಲಿ ಮೊಳಕೆಗೆ ಬುತ್ತಿ ಕಟ್ಟಿಟ್ಟಂತೆ ಹಿಟ್ಟು ಇರುತ್ತದೆಯಲ್ಲ, ಅಂಥ ಬುತ್ತಿ ಈ ಬೀಜದಲ್ಲಿ ಇಲ್ಲ. ನಿಸರ್ಗದಲ್ಲಿ ಒಂದು ಶಿಲೀಂಧ್ರದ ಸಹಾಯ ಸಿಕ್ಕರಷ್ಟೇ ಮೊಳೆಯುತ್ತದೆ. ಇಂಥ ಬೀಜದೊಳಗೆ ಭ್ರೂಣ ಹೇಗೆ ಹುಟ್ಟುತ್ತದೆ, ಕೋಶ ಯಾವ ಕ್ರಮದಲ್ಲಿ ಒಡೆದು ಬೆಳೆಯುತ್ತದೆ ಎಂಬುದನ್ನು ಸ್ವಾಮಿಯವರು ಒಂದೊಂದೇ ಜಾತಿಯನ್ನು ಹಿಡಿದು ನೋಡಿದರು, ಬರೆದರು. 1949ರಲ್ಲಿ ಅಮೆರಿಕದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅವರ ಆರ್ಕಿಡ್ ಅಧ್ಯಯನ ಎರಡು ದೊಡ್ಡ ಭಾಗಗಳಲ್ಲಿ ಅಚ್ಚಾಯಿತು. ಆರ್ಕಿಡ್ ಭ್ರೂಣದ ಬಗ್ಗೆ ಬರೆಯುವವರು ಇಂದಿಗೂ ಅದರ ಹೆಸರು ಹೇಳುತ್ತಾರೆ. ಈ ಕೆಲಸಕ್ಕೆ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಡಿ.ಎಸ್ಸಿ. ಪದವಿ ಕೊಟ್ಟಿತು.

ಒಂದು ಸ್ಲೈಡಿನ ಹಿಂದಿನ ಕಷ್ಟ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಸೂಕ್ಷ್ಮದರ್ಶಕ ಇದ್ದ ಮಾತ್ರಕ್ಕೆ ಗಿಡದ ಒಳಗಿನದು ಕಾಣುವುದಿಲ್ಲ. ಹಸಿ ಮೊಗ್ಗನ್ನು ಹಾಗೇ ಇಟ್ಟರೆ ದಪ್ಪ ಕಪ್ಪು ಮುದ್ದೆ ಕಾಣುತ್ತದೆ, ಅಷ್ಟೇ. ಅದು ತೆಳ್ಳಗಾಗಬೇಕು, ಮತ್ತು ಅದಕ್ಕೆ ಬಣ್ಣ ಏರಬೇಕು.

ಆಗಿನ ಕಾಲದ ಭ್ರೂಣಶಾಸ್ತ್ರಜ್ಞರು ಮಾಡುತ್ತಿದ್ದ ಕ್ರಮ ಹೀಗಿತ್ತು. ಮೊಗ್ಗನ್ನು ಕಿತ್ತ ಕೂಡಲೇ ಫಾರ್ಮಲಿನ್, ಅಸಿಟಿಕ್ ಆಮ್ಲ, ಆಲ್ಕೋಹಾಲ್ ಕೂಡಿಸಿದ ದ್ರವದಲ್ಲಿ ಹಾಕಬೇಕು. ಕೋಶಗಳು ಇದ್ದ ಸ್ಥಿತಿಯಲ್ಲೇ ನಿಂತುಬಿಡುತ್ತವೆ. ಆಮೇಲೆ ಹಗುರಾದ ಆಲ್ಕೋಹಾಲಿನಿಂದ ಗಟ್ಟಿಯಾದ ಆಲ್ಕೋಹಾಲಿಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗಿಸಿ ಒಳಗಿನ ನೀರನ್ನು ತೆಗೆಯಬೇಕು. ನೀರಿನ ಜಾಗಕ್ಕೆ ಕರಗಿದ ಪ್ಯಾರಾಫಿನ್ ಮೇಣ ತುಂಬಬೇಕು. ಮೇಣ ಆರಿ ಗಟ್ಟಿಯಾದ ಮೇಲೆ ಮೈಕ್ರೋಟೋಮ್ ಎಂಬ ಯಂತ್ರದ ಅಲಗಿನಿಂದ ಕೊಯ್ಯಬೇಕು. ಒಂದೊಂದು ಚೂರಿನ ದಪ್ಪ ಸುಮಾರು 10 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲು. ಚೂರುಗಳು ಒಂದಕ್ಕೊಂದು ಅಂಟಿ ಫೀತಿನಂತೆ ಹೊರಬರುತ್ತವೆ. ಆ ಫೀತನ್ನು ಮೊಟ್ಟೆಯ ಬಿಳಿಯ ಅಂಟಿನಿಂದ ಗಾಜಿನ ಮೇಲೆ ಕೂರಿಸಿ, ಮೇಣ ಕರಗಿಸಿ ತೆಗೆದು, ಬಣ್ಣದಲ್ಲಿ ಅದ್ದಿ, ಮೇಲೆ ತೆಳು ಗಾಜು ಮುಚ್ಚಬೇಕು. ಮೊಗ್ಗಿನಿಂದ ಸ್ಲೈಡಿನವರೆಗೆ ಹಲವು ದಿನ ಹಿಡಿಯುತ್ತದೆ. ನಡುವೆ ಒಂದು ಹಂತ ತಪ್ಪಿದರೆ ಮತ್ತೆ ಹೊಸ ಮೊಗ್ಗಿನಿಂದ ಶುರು. ಆ ಜಾತಿ ಹೂ ಬಿಡುವ ಕಾಲ ಮುಗಿದಿದ್ದರೆ ಬರುವ ವರ್ಷದ ತನಕ ಕಾಯಬೇಕು.

ಬಣ್ಣ ಯಾಕೆಂದರೆ, ಗಿಡದ ಕೋಶದ ಗೋಡೆಗಳು ಬಹುತೇಕ ನೀರಿನಂತೆ ಪಾರದರ್ಶಕ. ಸಫ್ರಾನಿನ್ ಎಂಬ ಕೆಂಪು ಬಣ್ಣ ಹಾಕಿದರೆ ಕಟ್ಟಿಗೆಯಂತೆ ಗಟ್ಟಿಯಾದ ಗೋಡೆಗಳು ಕೆಂಪಾಗುತ್ತವೆ. ಗಟ್ಟಿ ಮಾಡುವ ಆ ವಸ್ತುವಿಗೆ ಲಿಗ್ನಿನ್ ಎಂದು ಹೆಸರು. ಫಾಸ್ಟ್ ಗ್ರೀನ್ ಹಾಕಿದರೆ ಮೆತ್ತನೆಯ ಸೆಲ್ಯುಲೋಸ್ ಗೋಡೆಗಳು ಹಸಿರಾಗುತ್ತವೆ. ಹೆಮಟಾಕ್ಸಿಲಿನ್ ಎಂಬುದು ಮಧ್ಯ ಅಮೆರಿಕದ ಒಂದು ಮರದ ಕಟ್ಟಿಗೆಯಿಂದ ತೆಗೆದ ಬಣ್ಣ. ಅದು ಕೋಶಕೇಂದ್ರವನ್ನು ಎತ್ತಿ ತೋರಿಸುತ್ತದೆ. ಕಚೇರಿಯ ಕಡತದಲ್ಲಿ ಸಾಹೇಬರದು ಒಂದು ಶಾಯಿ, ನಮ್ಮದು ಇನ್ನೊಂದು ಶಾಯಿ ಇರುತ್ತಿತ್ತು. ಯಾವ ಟಿಪ್ಪಣಿ ಯಾರದೆಂದು ದೂರದಿಂದಲೇ ತಿಳಿಯುತ್ತಿತ್ತು. ಇದೂ ಹಾಗೆಯೇ ಎಂದು ನಾವು ಅರ್ಥ ಮಾಡಿಕೊಂಡೆವು.

ಹಾರ್ವರ್ಡಿನಲ್ಲಿ

1940ರ ದಶಕದ ಕೊನೆಗೆ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಇರ್ವಿಂಗ್ ಬೈಲಿ ಎಂಬ ದೊಡ್ಡ ವಿದ್ವಾಂಸರು ಇದ್ದರು. ಕಟ್ಟಿಗೆಯ ಒಳರಚನೆ ನೋಡಿ ಗಿಡಗಳ ವಂಶಾವಳಿ ಹೇಳುವುದರಲ್ಲಿ ಅವರದು ಎತ್ತಿದ ಕೈ. ಅವರ ಪ್ರಶ್ನೆ ಒಂದೇ: ಹೂ ಬಿಡುವ ಗಿಡಗಳಲ್ಲೆಲ್ಲ ಅತ್ಯಂತ ಹಳೆಯ ಮನೆತನ ಯಾವುದು?

ಇದನ್ನು ಅರಿಯಲು ಅವರು ಹಿಡಿದ ದಾರಿ ರೈತರಿಗೆ ಸುಲಭವಾಗಿ ತಿಳಿಯುವಂಥದು. ಗಿಡ ಬೇರಿನಿಂದ ಎಲೆಗೆ ನೀರು ಏರಿಸಬೇಕು. ಹೆಚ್ಚಿನ ಹೂಗಿಡಗಳ ಕಟ್ಟಿಗೆಯಲ್ಲಿ ಕೋಶಗಳ ತಲೆ-ಬುಡದ ಗೋಡೆ ಕರಗಿ, ಒಂದರ ಮೇಲೊಂದು ಕೂತು, ಕೊಳವೆ ಆಗಿರುತ್ತದೆ. ನಮ್ಮ ಹೊಲದ ಪೈಪಿಗೆ ಪೈಪು ಜೋಡಿಸಿದಂತೆ. ಕೆಲವೇ ಕೆಲವು ಗಿಡಗಳಲ್ಲಿ ಈ ಕೊಳವೆ ಇಲ್ಲ. ಅಲ್ಲಿ ಎರಡೂ ತುದಿ ಮುಚ್ಚಿದ ಕೋಶಗಳಷ್ಟೇ ಇದ್ದು, ಪಕ್ಕದ ಸಣ್ಣ ಗುಳಿಗಳ ಮೂಲಕ ನೀರು ಒಂದರಿಂದ ಒಂದಕ್ಕೆ ದಾಟುತ್ತದೆ. ಕೊಳವೆ ಇಲ್ಲದ ಗಿಡಗಳು ಹಳೆಯ ಕಾಲದ ಪದ್ಧತಿಯನ್ನು ಉಳಿಸಿಕೊಂಡಿವೆ ಎಂಬುದು ಬೈಲಿಯವರ ವಾದ.

1948ರಲ್ಲಿ ಬೈಲಿ ಮತ್ತು ಸ್ವಾಮಿ ಇಬ್ಬರೂ ಕೂಡಿ ಅಂಬೊರೆಲ್ಲಾ ಎಂಬ ಗಿಡದ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಮಾತ್ರ ಬೆಳೆಯುವ ಪೊದೆ ಅದು. ಅದರ ಕಟ್ಟಿಗೆಯಲ್ಲಿ ಕೊಳವೆ ಇಲ್ಲವೆಂದೂ, ಕೊಳವೆ ಇಲ್ಲದ ಉಳಿದ ಗಿಡಗಳಿಗಿಂತಲೂ ಅದರ ರೀತಿ ಬೇರೆಯೆಂದೂ ಅವರು ತೋರಿಸಿದರು. ಆಗ ಆ ಗಿಡದ ಹೆಸರು ಕೇಳಿದವರೇ ಕಡಿಮೆ. ಅರ್ಧ ಶತಮಾನ ಕಳೆದು 1999ರಲ್ಲಿ, ಡಿ.ಎನ್.ಎ. ಪರೀಕ್ಷೆ ಮಾಡಿದ ಬೇರೆ ಬೇರೆ ತಂಡಗಳು ಹೂಗಿಡಗಳ ವಂಶವೃಕ್ಷದಲ್ಲಿ ಮೊಟ್ಟಮೊದಲಿಗೆ ಬೇರೆಯಾದ ಕೊಂಬೆ ಇದೇ ಅಂಬೊರೆಲ್ಲಾ ಎಂದು ಹೇಳಿದವು. 2013ರಲ್ಲಿ ಅದರ ಪೂರ್ಣ ಜೀನೋಮ್ ಪ್ರಕಟವಾಯಿತು. ಬಸವನಗುಡಿಯ ಹುಡುಗ ಮಸೂರದಲ್ಲಿ ನೋಡಿದ ಪೊದೆ ಇಂದು ಸಸ್ಯಶಾಸ್ತ್ರದ ಪಠ್ಯದಲ್ಲಿದೆ.

1951ರಲ್ಲಿ ಅವರಿಬ್ಬರದು ಇನ್ನೊಂದು ಹೆಸರಾದ ಲೇಖನ ಬಂತು. ಹೂವಿನಲ್ಲಿ ಬೀಜ ಕಟ್ಟುವ ಭಾಗಕ್ಕೆ ಕಾರ್ಪೆಲ್ ಎನ್ನುತ್ತಾರೆ. ಅದು ಮೂಲದಲ್ಲಿ ನಡುವೆ ಮಡಚಿದ ಎಲೆಯಂತಿತ್ತು, ಅಂಚುಗಳು ಕೂಡಿ ಮುಚ್ಚಿದ್ದು ಆಮೇಲೆ ಎಂಬುದು ಅದರ ಸಾರ. ಹಸಿ ತೊಗರಿ ಕಾಯಿ ಸುಲಿಯುವಾಗ ನೋಡಿರಿ. ಕಾಯಿ ಒಂದು ಕಡೆಯ ಹೊಲಿಗೆಯಂಥ ಗೆರೆಗುಂಟ ಬಿಚ್ಚಿಕೊಳ್ಳುತ್ತದೆ, ಕಾಳುಗಳು ಆ ಅಂಚಿಗೇ ಅಂಟಿಕೊಂಡಿರುತ್ತವೆ. ಎಲೆ ಮಡಚಿದಂತೆಯೇ ಕಾಣುತ್ತದೆ.

ಸ್ವಾಮಿಯವರು ಊರಿಗೆ ಮರಳಿದ ಮೇಲೆ ದಕ್ಷಿಣ ಭಾರತದ ಒಂದು ಕೊಳವೆ ಇಲ್ಲದ ಗಿಡಕ್ಕೆ 1953ರಲ್ಲಿ ಗುರುವಿನ ಹೆಸರಿಟ್ಟರು: ಸಾರ್ಕಾಂಡ್ರಾ ಇರ್ವಿಂಗ್‌ಬೈಲಿಯೈ. ಅದೇ ಕುಟುಂಬದ ಇನ್ನೊಂದು ಗಿಡಕ್ಕೆ ದಿಲ್ಲಿಯ ಪ್ರಸಿದ್ಧ ಭ್ರೂಣಶಾಸ್ತ್ರಜ್ಞ ಪಂಚಾನನ ಮಾಹೇಶ್ವರಿಯವರ ಹೆಸರು ಕೊಟ್ಟರು: ಅಸ್ಕಾರಿನಾ ಮಾಹೇಶ್ವರಿಯೈ. ಗುರುದಕ್ಷಿಣೆ ಕೊಡುವ ರೀತಿ ಹೀಗೂ ಇರುತ್ತದೆ.

ಹೊಸ ಬೆಳಕು, ಹೊಸ ಉತ್ತರ

ಮಹನೀಯರ ಬಗ್ಗೆ ಬರೆಯುವಾಗ ಅವರು ಹೇಳಿದ್ದೆಲ್ಲ ಕೊನೆಯ ಮಾತೆಂದು ಬರೆಯುವ ರೂಢಿ ನಮ್ಮಲ್ಲಿದೆ. ಸ್ವಾಮಿಯವರ ವಿಷಯದಲ್ಲಿ ಹಾಗೆ ಬರೆದರೆ ಅವರೇ ನಕ್ಕಾರು. ಸಾರ್ಕಾಂಡ್ರಾದಲ್ಲಿ ಕೊಳವೆ ಇಲ್ಲ ಎಂಬ ಮಾತು ಬಹಳ ವರ್ಷ ನಿಂತಿತು. 1987ರಲ್ಲಿ ಅಮೆರಿಕದ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬವರು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲೂ ಕೊಳವೆಗಳಿವೆ ಎಂದು ತೋರಿಸಿದರು. ಇನ್ನೂ ಸೋಜಿಗವೆಂದರೆ, ಕಾರ್ಪೆಲ್ ಮಡಚಿದ ಎಲೆ ಎಂದವರು ಸ್ವಾಮಿ ಮತ್ತು ಬೈಲಿ. ಅವರೇ ಪರಿಚಯಿಸಿದ ಅಂಬೊರೆಲ್ಲಾದ ಕಾರ್ಪೆಲ್ ನೋಡಿದರೆ ಅದು ಮಡಚಿದ ಎಲೆಯಂತಿಲ್ಲ, ಸಣ್ಣ ಗಡಿಗೆಯಂತಿದೆ. ಹೀಗಾಗಿ ಆ ವಾದವನ್ನೂ ವಿದ್ವಾಂಸರು ಮತ್ತೆ ವಿಚಾರಕ್ಕೆ ತೆಗೆದುಕೊಂಡರು.

ಇದರಿಂದ ಸ್ವಾಮಿಯವರು ಸಣ್ಣವರಾಗಲಿಲ್ಲ. ತಮ್ಮ ಕಾಲದ ಉಪಕರಣದಲ್ಲಿ ಕಂಡಷ್ಟನ್ನು ಸ್ಪಷ್ಟವಾಗಿ ಬರೆದಿಟ್ಟರು. ಬರೆದಿಟ್ಟಿದ್ದರಿಂದಲೇ ಮುಂದಿನವರಿಗೆ ತಪಾಸಣೆ ಮಾಡಲು ಬಂತು. ದಾಖಲೆ ಇಲ್ಲದ ಕಡತವನ್ನು ಯಾರೂ ತಿದ್ದಲಾರರು, ಇದು ನಮ್ಮ ನೌಕರಿಯ ಅನುಭವದ ಮಾತು.

ಸ್ವಾಮಿಯವರ ಹೆಸರಾದ ಕೆಲಸ ನಡೆದದ್ದು ಸಾದಾ ಬೆಳಕಿನ ಸೂಕ್ಷ್ಮದರ್ಶಕ ಮತ್ತು ಹಳೆಯ ಬಣ್ಣಗಳ ಕಾಲದಲ್ಲಿ. ಅವರ ಜೀವಿತಕಾಲದಲ್ಲೇ ಇನ್ನೊಂದು ಪದ್ಧತಿ ಬಳಕೆಗೆ ಬರತೊಡಗಿತು. ಅದು ಹೊಳೆಯುವ ಬಣ್ಣಗಳದು, ಶಾಸ್ತ್ರದ ಮಾತಿನಲ್ಲಿ ಪ್ರತಿದೀಪಕ ಬಣ್ಣಗಳು. ಬ್ಯಾಂಕಿನಲ್ಲಿ, ದೊಡ್ಡ ಅಂಗಡಿಗಳಲ್ಲಿ ಖೋಟಾ ನೋಟು ನೋಡಲು ನೇರಳೆ ದೀಪದ ಸಣ್ಣ ಯಂತ್ರ ಇರುತ್ತದೆಯಲ್ಲ, ಅದರ ಕೆಳಗೆ ನೋಟು ಹಿಡಿದರೆ ಬರಿಗಣ್ಣಿಗೆ ಕಾಣದ ಎಳೆಗಳು ಫಳಫಳ ಹೊಳೆಯುತ್ತವೆ. ಕೆಲವು ವಸ್ತುಗಳು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ, ಕಾಣುವ ಬೆಳಕಾಗಿ ಹೊರಗೆ ಕೊಡುತ್ತವೆ. ಅಂಥ ಬಣ್ಣವನ್ನು ಗಿಡದ ಚೂರಿಗೆ ಏರಿಸಿ ಅಂಥದೇ ದೀಪದ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ, ಸುತ್ತ ಕತ್ತಲೆಯಲ್ಲಿ ಬೇಕಾದ ಭಾಗ ಮಾತ್ರ ದೀಪಾವಳಿಯ ಹಣತೆಯಂತೆ ಉರಿಯುತ್ತದೆ.

1959ರಲ್ಲಿ ಮಾರ್ಟಿನ್ ಎಂಬ ಸಂಶೋಧಕರು ಅನಿಲಿನ್ ಬ್ಲೂ ಎಂಬ ಬಣ್ಣದಿಂದ ಪರಾಗನಾಳ ನೋಡುವ ರೀತಿಯನ್ನು ಪ್ರಕಟಿಸಿದರು. ಪರಾಗದ ಕಣ ಹೂವಿನ ತುದಿಯ ಮೇಲೆ ಬಿದ್ದ ಮೇಲೆ ಅದರಿಂದ ಕೂದಲಿಗಿಂತ ತೆಳುವಾದ ನಾಳ ಹೊರಟು ಅಂಡಾಶಯದವರೆಗೆ ಇಳಿಯುತ್ತದೆ. ಆ ನಾಳದಲ್ಲಿ ಕ್ಯಾಲೋಸ್ ಎಂಬ ವಸ್ತು ಇರುತ್ತದೆ. ಅನಿಲಿನ್ ಬ್ಲೂ ಅದಕ್ಕೆ ಅಂಟಿ ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ. ಹೀಗೆ ಹೊಳೆಯುವುದು ಆ ಬಣ್ಣದ ಮುಖ್ಯ ಭಾಗವಲ್ಲ, ಅದರಲ್ಲಿ ಬೆರೆತು ಬಂದ ಒಂದು ಕಲ್ಮಶ! ಈ ರೀತಿಯಿಂದ ನಾಳ ಎಲ್ಲಿಯವರೆಗೆ ಇಳಿಯಿತು, ನಡುದಾರಿಯಲ್ಲಿ ಎಲ್ಲಿ ನಿಂತಿತು ಎಂದು ನೋಡಬಹುದು. ಎರಡು ತಳಿ ಕೂಡಿಸಿದಾಗ ಕಾಯಿ ಯಾಕೆ ಕಚ್ಚಲಿಲ್ಲ ಎಂದು ತಳಿ ಸಂಶೋಧಕರು ಹುಡುಕುವುದು ಹೀಗೆ. ಜತ್ತ ತಾಲೂಕಿನ ದ್ರಾಕ್ಷಿ, ದಾಳಿಂಬೆ ಬೆಳೆಗಾರರಿಗೆ ಹೂ ಉದುರುವುದರ ಸಂಕಟ ಏನೆಂದು ಗೊತ್ತು. ಅದರ ಕಾರಣ ಹುಡುಕುವ ದಾರಿಗಳಲ್ಲಿ ಇದೂ ಒಂದು.

ಇನ್ನೊಂದು ಬಣ್ಣ ಕ್ಯಾಲ್ಕೋಫ್ಲೋರ್. ಮೂಲದಲ್ಲಿ ಅರಿವೆ, ಕಾಗದ ಬೆಳ್ಳಗೆ ಕಾಣಲೆಂದು ತಯಾರಿಸಿದ್ದು. ಅದು ಸೆಲ್ಯುಲೋಸ್ ಗೋಡೆಗೆ ಅಂಟಿ ನೀಲಿಯಾಗಿ ಹೊಳೆಯುತ್ತದೆ. ಬರ್ಬೆರಿನ್ ಎಂಬುದಂತೂ ನಮ್ಮ ನಾಟಿ ವೈದ್ಯರ ದಾರುಹರಿದ್ರೆಯಲ್ಲಿ ಇರುವ ಹಳದಿ ವಸ್ತು. 1988ರಲ್ಲಿ ಅದನ್ನು ಅನಿಲಿನ್ ಬ್ಲೂ ಜೊತೆ ಬಳಸಿ ಬೇರಿನ ಗೋಡೆಗಳನ್ನು ನೋಡುವ ಕ್ರಮ ಬಂತು. ಸ್ವಾಮಿಯವರ ಕಾಲದ ಹಳೆಯ ಸಫ್ರಾನಿನ್ ಕೂಡ ತಕ್ಕ ಬೆಳಕು ಬಿದ್ದರೆ ಹೊಳೆಯುತ್ತದೆ ಎಂಬುದನ್ನು ಈಗ ಕಟ್ಟಿಗೆಯ ಅಧ್ಯಯನದಲ್ಲಿ ಉಪಯೋಗಿಸುತ್ತಾರೆ. ಅದೇ ಕೆಂಪು ಬಣ್ಣ, ನೋಡುವ ಬೆಳಕು ಬೇರೆ, ಕಾಣುವುದೂ ಬೇರೆ. ಮುಂದಿನವರಿಗೆ ಉಳಿದಿರುವ ಕೆಲಸ ಇಂಥದು.

ಮದರಾಸಿನ ಕನ್ನಡಿಗ

1950ರ ದಶಕದಲ್ಲಿ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ವಿಭಾಗದ ಮುಖ್ಯಸ್ಥರಾದರು, ಪ್ರಾಚಾರ್ಯರಾದರು. ಬೀರಬಲ್ ಸಾಹ್ನಿ ಪದಕದಂಥ ಗೌರವಗಳೂ ಬಂದವು. ಅವರ ವೃತ್ತಿಜೀವನದ ಬಹುಭಾಗ ಕಳೆದದ್ದು ಕನ್ನಡ ನಾಡಿನ ಹೊರಗೆ, ಬೇರೆ ಭಾಷೆಯ ಊರಿನಲ್ಲಿ. ಅವರು ಪಾಠ ಮಾಡಿದ್ದು ಇಂಗ್ಲಿಷಿನಲ್ಲಿ, ಬೀದಿಯಲ್ಲಿ ಕೇಳಿದ್ದು ತಮಿಳು. ಆದರೂ ಕೈಯಲ್ಲಿ ಬಂದದ್ದು ಕನ್ನಡ.

ಗಡಿಯ ಈಚೆಗಿರುವ ನಮಗೆ ಅವರು ಹತ್ತಿರದವರೆನಿಸುವುದು ಇಲ್ಲಿಯೇ. 1956ರಲ್ಲಿ ಕನ್ನಡ ರಾಜ್ಯ ಕೂಡಿದಾಗ ವಿಜಾಪುರ ಜಿಲ್ಲೆ ಆ ಕಡೆ ಸೇರಿತು, ಜತ್ತ ಸೀಮೆ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ನಮ್ಮ ಮನೆಯ ಮಾತು ಒಂದು, ಕಚೇರಿಯ ಅರ್ಜಿಯ ಮಾತು ಇನ್ನೊಂದು. ಮರಾಠಿ ನಮಗೆ ಅನ್ನ ಕೊಟ್ಟ ಭಾಷೆ, ಅದರ ಮೇಲೆ ಸಿಟ್ಟಿಲ್ಲ. ಸ್ವಾಮಿಯವರೂ ತಮಿಳರ ನಡುವೆ ಹಾಗೆಯೇ ಬಾಳಿದರು. ತಮಿಳು ಕಲಿತರು, ಅವರ ಸಾಹಿತ್ಯ ಚರಿತ್ರೆಯನ್ನು ಆಳವಾಗಿ ಓದಿದರು, ಒಪ್ಪದ ಕಡೆ ವಾದಕ್ಕೂ ಇಳಿದರು. ಆ ಒಡನಾಟದಿಂದ ತಮಿಳು ತಲೆಗಳ ನಡುವೆ ಎಂಬ ನಗೆಯ ಪುಸ್ತಕ ಹುಟ್ಟಿತು. ಕಾಲೇಜಿನ ಅನುಭವದಿಂದ ಕಾಲೇಜು ರಂಗ, ಕಾಲೇಜು ತರಂಗ, ಪ್ರಾಧ್ಯಾಪಕನ ಪೀಠದಲ್ಲಿ ಬಂದವು. ಹಾರ್ವರ್ಡಿನ ದಿನಗಳು ಅಮೆರಿಕದಲ್ಲಿ ನಾನು ಎಂಬ ಪುಸ್ತಕವಾದವು.

ಎಲ್ಲಕ್ಕೂ ಮೇಲಿನದು ಹಸುರು ಹೊನ್ನು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆ ಅದು. ಗಿಡದ ಶಾಸ್ತ್ರೀಯ ಲಕ್ಷಣ, ಅದರ ಕನ್ನಡ ಹೆಸರು, ಹಳೆಯ ಕಾವ್ಯದಲ್ಲಿ ಅದು ಬಂದ ರೀತಿ, ಹುಡುಗರ ತಂಟೆ, ಊಟದ ಫಜೀತಿ ಎಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಚಿತ್ರಗಳೂ ಅವರದೇ ಕೈಯವು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ ಎಂಬ ಇನ್ನೊಂದು ಪುಸ್ತಕ ಓದಿದರೆ ನಮ್ಮ ತಾಟೇ ಬೇರೆಯಾಗಿ ಕಾಣುತ್ತದೆ. ರೊಟ್ಟಿಯ ಜೊತೆ ನಾವು ನಿತ್ಯ ತಿನ್ನುವ ಶೇಂಗಾ ಹಿಂಡಿಯ ಶೇಂಗಾ ಇಲ್ಲಿಯದಲ್ಲ, ಅದಕ್ಕೆ ಹಾಕುವ ಮೆಣಸಿನಕಾಯಿಯೂ ಇಲ್ಲಿಯದಲ್ಲ. ಎರಡೂ ಸಮುದ್ರದಾಚೆಯಿಂದ ಬಂದು ನಮ್ಮವಾದವು.

ಮದರಾಸಿನಿಂದ ನಿವೃತ್ತರಾದ ಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಗೌರವ ಪ್ರಾಧ್ಯಾಪಕರಾಗಿ ಕೆಲಸ ಮುಂದುವರಿಸಿದರು. ಹೂವಿನಿಂದ ಹಣ್ಣಿನವರೆಗಿನ ಭ್ರೂಣಶಾಸ್ತ್ರ ಕುರಿತು ತಮ್ಮ ಸಹೋದ್ಯೋಗಿ ಕೃಷ್ಣಮೂರ್ತಿಯವರ ಜೊತೆ ಬರೆದ ಇಂಗ್ಲಿಷ್ ಪಠ್ಯಪುಸ್ತಕ 1980ರಲ್ಲಿ ಹೊರಬಂತು. ಅದೇ ವರ್ಷ ನವೆಂಬರಿನಲ್ಲಿ ಅವರು ಹೋದರು. ತಂದೆ ಡಿ.ವಿ.ಜಿ. ತೀರಿದ್ದು 1975ರಲ್ಲಿ. ತಂದೆ ಹೋಗಿ ಐದು ವರ್ಷಕ್ಕೆ ಮಗನೂ ಹೋದರು.

ನಮ್ಮ ಮುಂದಿರುವ ಮಾತು

ಈಗ ಸಂಘದ ಮಾತಿಗೆ ಬರುತ್ತೇವೆ. ನಮ್ಮ ಕನ್ನಡ ಶಾಲೆಗಳ ಹಾಜರಿ ಪಟ್ಟಿ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿರುವುದು ತಮಗೆಲ್ಲ ಗೊತ್ತು. ತಾಯಿ-ತಂದೆಯರನ್ನು ಕೇಳಿದರೆ, ಕನ್ನಡ ಹಾಡಿಗೆ, ಭಜನೆಗೆ, ಮನೆಗೆ ಸರಿ, ವಿಜ್ಞಾನ ಕಲಿತು ಮುಂದೆ ಬರಲು ಸಾಲದು ಎನ್ನುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ನಮ್ಮ ಮೊಮ್ಮಕ್ಕಳಲ್ಲೂ ಕೆಲವರು ಇಂಗ್ಲಿಷ್ ಶಾಲೆಯಲ್ಲಿದ್ದಾರೆ, ಮುಚ್ಚಿಡುವುದೇನು? ವೇದಿಕೆಯ ಮೇಲೆ ಕನ್ನಡದ ಹಿರಿಮೆ ಹೇಳಿ ಕೆಳಗಿಳಿದು ಮನೆಗೆ ಹೋಗುವಾಗ ನಮಗೇ ಮುಜುಗರವಾಗುತ್ತದೆ.

ಸ್ವಾಮಿಯವರು ಜಗತ್ತಿಗೆ ಇಂಗ್ಲಿಷಿನಲ್ಲಿ ಬರೆದರು, ನಮಗೆ ಕನ್ನಡದಲ್ಲಿ ಬರೆದರು. ಒಂದಕ್ಕಾಗಿ ಇನ್ನೊಂದನ್ನು ಬಿಡಲಿಲ್ಲ. ಈ ಒಂದು ಬಾಳು ನಮ್ಮ ತಾಯಿ-ತಂದೆಯರ ಅಂಜಿಕೆಗೆ ಪೂರ್ತಿ ಉತ್ತರವಾಗಲಾರದು. ಅವರಿಗೆ ಡಿ.ವಿ.ಜಿ.ಯವರಂಥ ಮನೆ ಇತ್ತು, ನಮ್ಮ ಮಕ್ಕಳಿಗೆ ಅದಿಲ್ಲ. ಆದರೆ ಮನೆಯಲ್ಲಿ ಇಲ್ಲದ್ದನ್ನು ಸಂಘ ಸ್ವಲ್ಪವಾದರೂ ಕೊಡಬಹುದು.

ಕಳೆದ ಸಭೆಯಲ್ಲಿ ಇದೇ ವಿಷಯಕ್ಕೆ ಬಿಸಿ ಚರ್ಚೆ ಆಯಿತು. ರಾಜ್ಯೋತ್ಸವದ ಮಂಟಪ, ಧ್ವನಿವರ್ಧಕದ ಖರ್ಚಿನಲ್ಲಿ ಒಂದು ಪಾಲು ಉಳಿಸಿ ಸೂಕ್ಷ್ಮದರ್ಶಕ ಕೊಳ್ಳಬೇಕೆಂದು ಕೆಲವರು. ಗಡಿಯೂರಿನಲ್ಲಿ ಮೆರವಣಿಗೆ ಸಣ್ಣದಾದರೆ ಕನ್ನಡಿಗರ ಸಂಖ್ಯೆಯೇ ಸಣ್ಣದೆಂದು ಜನ ತಿಳಿದಾರೆಂದು ಇನ್ನು ಕೆಲವರು. ಎರಡೂ ಮಾತಿನಲ್ಲಿ ಸತ್ಯವಿತ್ತು. ಕೊನೆಗೆ ಮೆರವಣಿಗೆ ಎಂದಿನಂತೆ ಇರಲಿ, ಸನ್ಮಾನದ ಶಾಲು-ಹಾರ ಈ ವರ್ಷ ಬೇಡ, ಆ ರೊಕ್ಕದಲ್ಲಿ ಸೂಕ್ಷ್ಮದರ್ಶಕ ಬರಲಿ ಎಂದು ಒಪ್ಪಿಗೆಯಾಯಿತು. ಸನ್ಮಾನಕ್ಕೆ ಆಯ್ಕೆಯಾಗಿದ್ದ ಹಿರಿಯರೇ ಮೊದಲು ಕೈ ಎತ್ತಿದರು. ಅವರಿಗೆ ಸಂಘದ ಕೃತಜ್ಞತೆಗಳು.

ಒಂದು ಶರತ್ತನ್ನು ಠರಾವಿನಲ್ಲಿ ಬರೆಸಿದ್ದೇವೆ. ಆ ಸೂಕ್ಷ್ಮದರ್ಶಕಕ್ಕೆ ಕೀಲಿ ಹಾಕುವಂತಿಲ್ಲ. ಮಕ್ಕಳ ಕೈಯಲ್ಲಿ ಒಡೆದರೆ ದುರಸ್ತಿಯ ಖರ್ಚು ಸಂಘದ್ದು, ಗುರುಗಳದ್ದಲ್ಲ.

ಕಾರ್ಯಕ್ರಮ: ನವೆಂಬರ್ 2, ಮುಂಜಾನೆ 10 ಗಂಟೆಗೆ, ಉಮದಿಯಲ್ಲಿ. ಮೊದಲು ಸ್ವಾಮಿಯವರ ಭಾವಚಿತ್ರಕ್ಕೆ ಪುಷ್ಪಾರ್ಪಣೆ, ಅವರ ಬಾಳಿನ ಬಗ್ಗೆ ಚಿಕ್ಕ ಮಾತು. ಆಮೇಲೆ ಮಕ್ಕಳದೇ ಕೆಲಸ. ಉಳ್ಳಾಗಡ್ಡಿಯ ಒಳಪೊರೆ ಸುಲಿದು ಸಫ್ರಾನಿನ್ ಹಾಕಿ ಕೋಶ ನೋಡುವುದು. ತೊಗರಿ ಕಾಯಿ ಬಿಚ್ಚಿ ಅಂಚಿನ ಕಾಳು ನೋಡುವುದು. ಕೊನೆಗೆ ಕೋಣೆ ಕತ್ತಲೆ ಮಾಡಿ, ನೋಟು ನೋಡುವ ನೇರಳೆ ದೀಪದ ಕೆಳಗೆ ಮೂರು ವಸ್ತು ಇಡುವುದು: ಸ್ಪಿರಿಟ್ಟಿನಲ್ಲಿ ಕಲಸಿದ ಸಾಂಗ್ಲಿಯ ಅರಿಷಿಣ, ಸ್ಪಿರಿಟ್ಟಿನಲ್ಲಿ ಅರೆದ ಪಾಲಕದ ರಸ, ಸಾಬೂನು ಪುಡಿಯಲ್ಲಿ ಒಗೆದ ಬಿಳಿ ಅಂಗಿ. ಅರಿಷಿಣ ಹಳದಿ-ಹಸಿರಾಗಿ ಹೊಳೆಯುತ್ತದೆ, ಹಸಿರು ಪಾಲಕದ ರಸ ಕೆಂಪಾಗಿ ಕಾಣುತ್ತದೆ, ಅಂಗಿ ನೀಲಿಯಾಗಿ ಬೆಳಗುತ್ತದೆ. ಸ್ಪಿರಿಟ್ಟು ಬೆಂಕಿ ಹಿಡಿಯುವಂಥದು, ದೀಪವನ್ನು ನೇರ ಕಣ್ಣಿಗೆ ಹಿಡಿಯಬಾರದು. ಆದ್ದರಿಂದ ಪ್ರತಿ ಮೇಜಿಗೂ ಒಬ್ಬ ಹಿರಿಯರು ನಿಲ್ಲಬೇಕು.

ಚಡಚಣ, ಜತ್ತ, ಸಂಖ, ಮಂಗಳವೇಢಾ, ಅಕ್ಕಲಕೋಟ ಕಡೆಯ ಸದಸ್ಯರು ಮಕ್ಕಳನ್ನು ಕರೆದುಕೊಂಡು ಬರಬೇಕೆಂದು ವಿನಂತಿ. ಮಗು ಯಾವ ಮಾಧ್ಯಮದ ಶಾಲೆಯದು ಎಂದು ಯಾರೂ ಕೇಳುವುದಿಲ್ಲ. ಮಧ್ಯಾಹ್ನ ರೊಟ್ಟಿ, ಪಲ್ಯೆ, ಶೇಂಗಾ ಹಿಂಡಿಯ ಊಟ ಇದೆ. ಬರುವಾಗ ಮನೆಯ ಹಿತ್ತಲಿನ ಒಂದು ಹೂವೋ ಎಲೆಯೋ ತಂದರೆ ಒಳಿತು. ಮಕ್ಕಳದೆಲ್ಲ ಮುಗಿದ ಮೇಲೆ ನಾವೂ ಸರದಿಯಲ್ಲಿ ನಿಲ್ಲುವವರಿದ್ದೇವೆ, ಶಾಲೆ ಬಿಟ್ಟು ಎಷ್ಟೋ ವರ್ಷಗಳ ಮೇಲೆ, ಮೊದಲ ಸಲ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ